ಫ್ರೀಜರ್‌ನಿಂದ ತೆಗೆದ ಡಬ್ಬಿಯನ್ನು ಕಟ್ಟೆಗೆ ಕುಟ್ಟಬೇಡಿ

ನನ್ನ ಎಡಗೈಗೆ ಎರಡು ಸಲ ಹೊಲಿಗೆ ಬಿತ್ತು. ಚಾಕು ತಾಗಿದ್ದಲ್ಲ, ಗಾಜು ಒಡೆದದ್ದೂ ಅಲ್ಲ. ಕಾಯಿತುರಿ ತುಂಬಿಟ್ಟಿದ್ದ ಪ್ಲಾಸ್ಟಿಕ್ ಡಬ್ಬಿ.

ಊರಿಂದ ಕಾಯಿ ಬಂದಾಗೆಲ್ಲ ಹತ್ತು ಹನ್ನೆರಡನ್ನು ಒಟ್ಟಿಗೆ ತುರಿದು ಫ್ರೀಜರ್‌ನಲ್ಲಿ ಇಟ್ಟುಬಿಡುತ್ತೇನೆ. ಅವತ್ತು ಬೆಳಿಗ್ಗೆ ಚಟ್ನಿಗೆ ತುರಿ ಬೇಕಿತ್ತು. ಮಗನ ಸ್ಕೂಲ್ ಬಸ್‌ಗೆ ಇನ್ನು ಇಪ್ಪತ್ತೇ ನಿಮಿಷ. ತುರಿ ಕಲ್ಲಾಗಿ ತಳಕ್ಕೆ ಕಚ್ಚಿಕೊಂಡಿತ್ತು. ಡಬ್ಬಿ ಬೋರಲು ಹಿಡಿದು ಗ್ರಾನೈಟ್ ಕಟ್ಟೆಯ ಅಂಚಿಗೆ ಕುಟ್ಟಿದೆ. ಎರಡನೇ ಏಟಿಗೆ ಠಳ್ ಅಂತು. ಡಬ್ಬಿ ಕೈಯಲ್ಲೇ ಚೂರಾಯಿತು, ಒಂದು ಚೂರು ಅಂಗೈಗೆ ನಾಟಿತು.

“ಸ್ವಲ್ಪ ನೀರಲ್ಲಿ ಇಟ್ಟಿದ್ರೆ ಬಿಡ್ತಿತ್ತಲ್ಲೇ, ಕುಟ್ಟೋಕೆ ಹೋದ್ಯಾ?” ಅಂದರು ಅತ್ತೆ, ಕೈಗೆ ಬಟ್ಟೆ ಸುತ್ತುತ್ತಾ.

ಅದೇ ಡಬ್ಬಿ ಆರು ವರ್ಷದಿಂದ ಮನೆಯಲ್ಲಿದೆ. ಅಟ್ಟದಿಂದ ಬಿದ್ದಿದೆ, ಮಗ ಸೌಟಿನಲ್ಲಿ ಬಾರಿಸಿದ್ದಾನೆ. ಏನೂ ಆಗಿರಲಿಲ್ಲ. ಹಾಗಿದ್ದರೆ ಅವತ್ತೇನಾಯಿತು?

ಸಂಜೆ ಚೂರುಗಳನ್ನು ಪೇಪರ್ ಮೇಲೆ ಹರಡಿಕೊಂಡು ಕೂತೆ. ಪ್ಲಾಸ್ಟಿಕ್ ಬಗ್ಗಿಸಿ ಮುರಿದರೆ ಮಡಿಕೆಯ ಹತ್ತಿರ ಬೆಳ್ಳಗಾಗುತ್ತದೆ, ಅಲ್ವಾ? ಇಲ್ಲಿ ಬಿಳುಪೇ ಇಲ್ಲ. ಅಂಚುಗಳು ಗಾಜಿನ ಹಾಗೆ ನುಣುಪು, ಚೂಪು. ಜೋಡಿಸಿದರೆ ಕೂದಲೆಳೆ ಸಂದಿಲ್ಲದೆ ಕೂರುತ್ತಿದ್ದವು. ಅಂದರೆ ಒಡೆಯುವ ಮೊದಲು ಡಬ್ಬಿ ಎಲ್ಲೂ ಬಗ್ಗಿಲ್ಲ, ಹಿಗ್ಗಿಲ್ಲ. ಬಿರುಕು ತಳದ ಮೂಲೆಯಿಂದ ಹೊರಟಿತ್ತು. ಚೂಪಾದ ಮೂಲೆಯಲ್ಲೇ ಏಟಿನ ಒತ್ತಡ ಒಟ್ಟುಗೂಡುವುದು.

ತಳದಲ್ಲಿ ತ್ರಿಕೋನದೊಳಗೆ 5 ಅಂತ ಇತ್ತು, ಅಂದರೆ ಪಾಲಿಪ್ರೊಪಿಲೀನ್. ಅಡಿಗೆಮನೆ ಡಬ್ಬಿಗಳಲ್ಲಿ ಇದೇ ಜಾಸ್ತಿ. ಪ್ಲಾಸ್ಟಿಕ್ ಅಂದರೆ ಉದ್ದುದ್ದ ಎಳೆಗಳ ಸಿಕ್ಕು. ಬೆಚ್ಚಗಿದ್ದಾಗ ಆ ಎಳೆಗಳು ಒಂದಿಷ್ಟು ಜರುಗುತ್ತವೆ, ಏಟಿನ ಶಕ್ತಿಯನ್ನು ನುಂಗಿಕೊಳ್ಳುತ್ತವೆ. ತಣ್ಣಗಾಗುತ್ತಾ ಹೋದರೆ ಒಂದು ಹಂತದಲ್ಲಿ ಅವು ಜರುಗುವುದು ನಿಂತುಹೋಗುತ್ತದೆ. ಪಾಲಿಪ್ರೊಪಿಲೀನ್‌ಗೆ ಆ ಹಂತ ಸೊನ್ನೆ ಡಿಗ್ರಿಯ ಆಸುಪಾಸು, ಅಥವಾ ಸ್ವಲ್ಪ ಕೆಳಗೆ. ಮನೆ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18. ಅಲ್ಲಿ ನನ್ನ ಡಬ್ಬಿ ಹೆಚ್ಚು ಕಡಿಮೆ ಗಾಜೇ ಆಗಿತ್ತು.

ಏಟಿನ ವೇಗವೂ ಲೆಕ್ಕಕ್ಕೆ ಬರುತ್ತದೆ. ನಿಧಾನವಾಗಿ ಒತ್ತಿದರೆ ಎಳೆಗಳಿಗೆ ಜರುಗಲು ಸ್ವಲ್ಪವಾದರೂ ಸಮಯ ಸಿಗುತ್ತದೆ. ಫಟ್ ಅಂತ ಕುಟ್ಟಿದರೆ ಅದೂ ಇಲ್ಲ. ಚಳಿ ಒಂದು ಕಡೆ, ನನ್ನ ಅವಸರ ಇನ್ನೊಂದು ಕಡೆ.

ತಮಾಷೆ ಅಂದರೆ ಅದರ ಮುಚ್ಚಳ. ಅದೂ ಅದೇ ಚಳಿಯಲ್ಲಿತ್ತು, ಅವತ್ತು ನೆಲಕ್ಕೂ ಬಿತ್ತು, ಗೀರೂ ಇಲ್ಲ. ತಿರುಗಿಸಿ ನೋಡಿದರೆ 4. ಅದು ಮೆತ್ತನೆ ಪಾಲಿಥೀನ್. ಅದರ ಎಳೆಗಳು ಪೂರ್ತಿ ಸೆಟೆದುಕೊಳ್ಳಲು ಮೈನಸ್ 100ರ ಆಚೆ ಹೋಗಬೇಕು. 2 ಅಂದರೂ ಪಾಲಿಥೀನೇ, ಸ್ವಲ್ಪ ಗಟ್ಟಿ ಜಾತಿ. ಫ್ರೀಜರ್‌ಗೆ 2 ಅಥವಾ 4 ಇರುವ ಡಬ್ಬಿ ವಾಸಿ. 5 ಇದ್ದ ಮಾತ್ರಕ್ಕೆ ಕೆಟ್ಟದ್ದೂ ಅಲ್ಲ. ರಬ್ಬರ್ ಬೆರೆಸಿದ ಜಾತಿಯೂ ಇದೆ, ಅದು ಚಳಿಯಲ್ಲಿ ಏಟು ತಡೆಯುತ್ತದೆ, ಸಾಮಾನ್ಯವಾಗಿ ಹಾಲಿನ ಹಾಗೆ ಮಸುಕಾಗಿರುತ್ತದೆ. ನನ್ನದು ಒಳಗಿದ್ದದ್ದೆಲ್ಲ ಕಾಣುವ ತೆಳು ಡಬ್ಬಿ.

ಕೈಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೊದಲು ಹೋದ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆದು, ಒಳಗೆ ಏನೂ ಇಲ್ಲ ಅಂತ ಹೊಲಿದರು. ನಾಲ್ಕನೇ ದಿನ ಅಂಗೈ ಊದಿಕೊಂಡಿತು. ಬೇರೆ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ಚುಚ್ಚಿದ್ದು ಏನು? ಪ್ಲಾಸ್ಟಿಕ್ ಅಂದ ತಕ್ಷಣ ಅಲ್ಟ್ರಾಸೌಂಡ್‌ಗೆ ಕಳಿಸಿದರು. ಪ್ಲಾಸ್ಟಿಕ್ ಚೂರು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲವಂತೆ. ಅಕ್ಕಿಕಾಳಿನಷ್ಟು ಚೂರು ಒಳಗೇ ಇತ್ತು. ಅದನ್ನು ತೆಗೆದು ಮತ್ತೆ ಹೊಲಿದರು. ನಿಮಗೆ ಹೀಗಾದರೆ ಚುಚ್ಚಿದ್ದು ಪ್ಲಾಸ್ಟಿಕ್ ಅಂತ ಮೊದಲೇ ಬಾಯಿಬಿಟ್ಟು ಹೇಳಿ. ನಾನು ಮೊದಲ ಸಲ ಸುಮ್ನೆ “ಡಬ್ಬಿ ತಾಗಿತು” ಅಂದಿದ್ದೆ.

ಇನ್ನೊಂದು ವಿಷಯ. ತುರಿ ಮೇಲೆ ಮೇಲೆ ಚೆನ್ನಾಗೇ ಕಾಣುತ್ತಿತ್ತು, ಒಂದಿಡೀ ಡಬ್ಬಿ ಬಿಸಾಡಲು ಮನಸ್ಸು ಬರಲಿಲ್ಲ. ಕರಗಿಸಿ, ಜರಡಿಗೆ ಹಾಕಿ ಬೆರಳಾಡಿಸಿದೆ. ಹನ್ನೊಂದು ಚೂರು ಸಿಕ್ಕವು. ಬಿಳಿ ತುರಿಯಲ್ಲಿ ಒಂದೂ ಕಣ್ಣಿಗೆ ಕಂಡಿರಲಿಲ್ಲ. ಹನ್ನೆರಡನೆಯದು ಇಲ್ಲ ಅನ್ನುವ ಧೈರ್ಯ ಬರದೆ ಎಲ್ಲವನ್ನೂ ಕಸಕ್ಕೆ ಹಾಕಿದೆ.