ಬೆಳಗಾವಿ ಟಿಳಕವಾಡಿಯ ಹೆಲಿಕಾಪ್ಟರ್ ಸಿಮ್ಯುಲೇಟರ್: ಲಿವರ್ ಉಲ್ಟಾ ಇದೆ, ನೋಡಿಕೊಳ್ಳಿ

ಅಕ್ಕನ ಮಗನಿಗೆ ಪೈಲಟ್ ಆಗುವ ಹುಚ್ಚು. ಸಾಂಬ್ರಾ ವಿಮಾನ ನಿಲ್ದಾಣದ ಕಡೆಯಿಂದ ಏನೇ ಹಾರಿ ಬಂದರೂ ಊಟ ಬಿಟ್ಟು ಮಾಳಿಗೆಗೆ ಓಡುತ್ತಾನೆ. ಹಾಗಾಗಿ ಭಾನುವಾರ ಟಿಳಕವಾಡಿಯ ಒಂದು ಗೇಮಿಂಗ್ ಸೆಂಟರಿಗೆ ಕರೆದುಕೊಂಡು ಹೋದೆ. ಹೆಸರು ಬೇಡ ಬಿಡಿ, ಹುಡುಗರು ಒಳ್ಳೆಯವರು. ಅರ್ಧ ಗಂಟೆಗೆ 300 ರೂಪಾಯಿ. ಮೂರು ದೊಡ್ಡ ಪರದೆ, ಕಾಲಿಗೆ ಪೆಡಲ್, ಎಸಿ ಜೋರಾಗಿದೆ.

ಕೊಟ್ಟಿದ್ದು ರಾಬಿನ್ಸನ್ ಆರ್22. ಎರಡೇ ಸೀಟಿನ ಪುಟ್ಟ ಹೆಲಿಕಾಪ್ಟರ್, ಹೊರದೇಶದಲ್ಲಿ ಎಷ್ಟೋ ಜನ ಕಲಿಯುವುದು ಇದರಲ್ಲೇ. ನಮ್ಮ ಹುಡುಗ ಮೊದಲ ನಿಮಿಷದಲ್ಲೇ ಮಗುಚಿ ಹಾಕಿದ. ಕೆಳಗಿನ ಪೈಪಿನಂಥ ಕಾಲು ಒಂದು ಕಡೆ ನೆಲ ಬಿಟ್ಟಿರಲಿಲ್ಲ, ಇವನು ಗಾಬರಿಯಲ್ಲಿ ಇನ್ನೂ ಪವರ್ ಕೊಟ್ಟ. "ಮಾಮಾ, ನಾ ಏನೂ ಮಾಡಿಲ್ಲ, ತಾನ ಬಿತ್ತು!" ನಿಜವಾದ ತರಬೇತಿಯಲ್ಲೂ ಹೀಗೆ ಮಗುಚಿದ್ದುಂಟು. ಆಗ ಲಿವರ್ ಎತ್ತಬಾರದು, ಮೆಲ್ಲಗೆ ಇಳಿಸಬೇಕು.

ನನ್ನ ತಕರಾರು ಇರುವುದೂ ಆ ಲಿವರ್ ಮೇಲೇ. ನಿಜವಾದ ಹೆಲಿಕಾಪ್ಟರಿನಲ್ಲಿ ಎಡಗೈ ಪಕ್ಕ ಕಲೆಕ್ಟಿವ್ ಅಂತ ಒಂದು ಇರುತ್ತದೆ, ಕಾರಿನ ಹ್ಯಾಂಡ್‌ಬ್ರೇಕ್ ಥರ. ಎಳೆದರೆ ಮೇಲೆ, ಒತ್ತಿದರೆ ಕೆಳಗೆ. ಇಲ್ಲಿ ವಿಮಾನದ ಥ್ರಾಟಲ್ ಕೂರಿಸಿದ್ದಾರೆ. ಮುಂದೆ ತಳ್ಳಿದರೆ ಮೇಲೆ, ಹಿಂದೆ ಎಳೆದರೆ ಕೆಳಗೆ. ಪೂರ್ತಿ ಉಲ್ಟಾ! ಸುಮ್ನೆ ಆಟಕ್ಕಾದರೆ ನಡೆಯುತ್ತದೆ. ಆದರೆ ಗೋಡೆ ಮೇಲೆ 'ಪೈಲಟ್ ಆಗುವವರಿಗೆ' ಅಂತ ಬೋರ್ಡ್ ಹಾಕಿದ್ದಾರೆ, ಅಲ್ವಾ?

ಎಂಜಿನ್ ಕೈಕೊಟ್ಟರೆ ಕಲೆಕ್ಟಿವ್ ತಕ್ಷಣ ಇಳಿಸಬೇಕು, ಆಗ ಕೆಳಗಿನಿಂದ ನುಗ್ಗುವ ಗಾಳಿಯೇ ಬ್ಲೇಡ್ ತಿರುಗಿಸುತ್ತಿರುತ್ತದೆ, ನೆಲ ಹತ್ತಿರ ಬಂದಾಗ ಮೂತಿ ಎತ್ತಿ ವೇಗ ಕಡಿಮೆ ಮಾಡಿ ಕೊನೆಗೆ ಲಿವರ್ ಎಳೆದು ಮೆತ್ತಗೆ ಕೂರಿಸುವುದು. ಇದಕ್ಕೆ ಆಟೋರೊಟೇಶನ್ ಅಂತಾರೆ. ಇದನ್ನು ಅಭ್ಯಾಸ ಮಾಡುವಾಗಲೇ, ಕಲಿಸುವವರು ಪಕ್ಕದಲ್ಲಿದ್ದರೂ, ಬಿದ್ದವರಿದ್ದಾರೆ. ಆರ್22ರ ಬ್ಲೇಡ್ ಹಗುರ, ಒಂದೆರಡು ಸೆಕೆಂಡ್ ತಡವಾದರೂ ಸುತ್ತುವ ವೇಗ ಕುಸಿಯುತ್ತದೆ. ಅದಕ್ಕೇ ಅಮೆರಿಕದಲ್ಲಿ 1995ರಲ್ಲಿ ಬೇರೆ ನಿಯಮವನ್ನೇ ತಂದರು: ಹೊಸಬರು ಇದನ್ನು ಒಬ್ಬರೇ ಹಾರಿಸುವ ಮುಂಚೆ ಕಲಿಸುವವರ ಜೊತೆ ಕನಿಷ್ಠ 20 ಗಂಟೆ ಹಾರಿರಬೇಕು. ಎಂಜಿನ್ ಕೈಕೊಟ್ಟ ಹೊತ್ತಿನಲ್ಲಿ ಇಲ್ಲಿ ಪಳಗಿದ ಕೈ ಇಳಿಸುತ್ತೇನೆ ಅಂದುಕೊಂಡು ಎಳೆದರೆ?

ಮಾಲೀಕನಿಗೆ ಹೇಳಿದೆ. ಸೆಟ್ಟಿಂಗ್‌ನಲ್ಲಿ ರಿವರ್ಸ್ ಅಂತ ಒಂದು ಟಿಕ್ ಇದೆ, ಅವನಿಗೇ ಗೊತ್ತಿರಲಿಲ್ಲ! ಹಾಕಿಸಿದೆ. "ಸರ್ರ, ಈಗ ವಿಮಾನ ಆಡೋರು ಬೈತಾರ್ರೀ" ಅಂದ. ಅದೂ ಖರೇನೇ.

5ಕ್ಕೆ 3 ಕೊಡುತ್ತೇನೆ. ಹೋದರೆ ಮೊದಲು ಆ ಟಿಕ್ ನೋಡಿ, ಆಮೇಲೆ ದುಡ್ಡು ಕೊಡಿ.