ರಿವೇರಾ ಫ್ರೀ ಶಾಪ್‌ಗೆ ಹೋಗೋರು ಓದಿ: ಡಬ್ಬದ ತಳ ನೋಡದೆ ದುಡ್ಡು ಕೊಡಬೇಡಿ

ಬ್ರೆಜಿಲಿನ ಪೋರ್ತು ಅಲೆಗ್ರಿಯಿಂದ ಶಾಪಿಂಗ್ ಅಂತ ರಿವೇರಾಗೆ ಹೊರಟಿರೋರು ಇದನ್ನ ಓದ್ಕೊಂಡೇ ಗಾಡಿ ಹತ್ತಿ. 780 ಡಾಲರಿನ ಎಸ್ಪ್ರೆಸೊ ಮಿಷನ್‌ಗೆ ಕೊನೆಗೆ ಎಷ್ಟು ತೆತ್ವಿ ಅಂತ ಹೇಳೋಕೇ ನಾಚಿಕೆ. ಆದ್ರೂ ಹೇಳ್ತೀನಿ.

ಈ ಕಡೆ ಬ್ರೆಜಿಲಿನ ಸಂತಾನಾ ದೊ ಲಿವ್ರಮೆಂಟೊ, ಆ ಕಡೆ ಉರುಗ್ವೆಯ ರಿವೇರಾ. ಮಧ್ಯೆ ಬೇಲಿ ಇಲ್ಲ, ಗೇಟಿಲ್ಲ. 1943ರಲ್ಲಿ ಮಾಡಿದ ಪಾರ್ಕು, ಅದರಲ್ಲೊಂದು ಕಂಬ, ಎರಡು ಬಾವುಟ, ಅಷ್ಟೇ. ಪಾರ್ಕ್ ದಾಟಿದ್ರೆ ದೇಶ ದಾಟಿದ ಹಾಗೆ. ಯಾಮಾರೋದು ಇಲ್ಲೇ. ಎಲ್ಲಾ ಒಂದೇ ಊರು ಅನ್ಸುತ್ತೆ, ಕಾನೂನೂ ಒಂದೇ ಅನ್ಸುತ್ತೆ.

ಮೊದಲು ರೇಟು. ಫ್ರೀ ಶಾಪ್‌ನಲ್ಲಿ (ಸುಂಕವಿಲ್ಲದ ಅಂಗಡಿ) ಬೆಲೆ ಡಾಲರಲ್ಲಿ. ಬ್ರೆಜಿಲಿನ ರಿಯಾಲ್ ಕೊಟ್ರೆ ಅಂಗಡಿಯವರದೇ ರೇಟು. ಆವತ್ತು ಸರಾಂದಿ ಬೀದಿಯ ಹಣ ಬದಲಿಸೋ ಅಂಗಡಿಯಲ್ಲಿ ಡಾಲರಿಗೆ 5.45, ಕೌಂಟರಿನಲ್ಲಿ 5.75. ಮೂವತ್ತು ಪೈಸೆ ತಾನೇ ಅಂದ್ಕೊಂಡ್ರೆ 780ಕ್ಕೆ 234 ರಿಯಾಲ್ ಹೋಯ್ತು. (ಫ್ರೀ ಶಾಪ್ ಬಿಟ್ಟು ಬೇರೆ ಅಂಗಡಿಗೆ ಹೋದ್ರೆ ಬರೀ ಡಾಲರ್ ಚಿಹ್ನೆ ಅಂದ್ರೆ ಉರುಗ್ವೆಯ ಪೆಸೊ. ಅದೊಂದು ಬೇರೆ ತಲೆನೋವು.)

ಇನ್ನು ಅಸಲಿ ಟೋಪಿ. ಭೂಗಡಿಯಲ್ಲಿ ಬ್ರೆಜಿಲಿಗೆ ಸುಂಕ ಇಲ್ಲದೆ ತರಬಹುದಾದ್ದು ತಲೆಗೆ 500 ಡಾಲರ್, ತಿಂಗಳಿಗೊಂದೇ ಸಲ. ಸೇಲ್ಸ್‌ನವನು ನಮ್ಮಿಬ್ಬರನ್ನೂ ನೋಡಿ, "ಇಬ್ಬರಿದ್ದೀರಲ್ಲ, ಸಾವಿರದವರೆಗೂ ಏನೂ ಇಲ್ಲ, ತ್ರಾಂಕೀಲೊ!" (ಆರಾಮಾಗಿರಿ) ಅಂದ. ಬಿಲ್ ಒಬ್ಬರ ಹೆಸರಲ್ಲಿ ಹೊಡೆದ. ನಾವು ತಲೆಯಾಡಿಸಿದ್ವಿ, ಥ್ಯಾಂಕ್ಸ್ ಬೇರೆ ಹೇಳಿದ್ವಿ! ಒಂದೇ ವಸ್ತುವನ್ನ ಇಬ್ಬರ ಲೆಕ್ಕಕ್ಕೆ ಹಂಚೋ ಹಾಗಿಲ್ಲ. ಗಂಡ ಹೆಂಡತಿಯಾದ್ರೂ ಇಲ್ಲ. ದಿನಕ್ಕೆ ಹತ್ತು ಜನ ಬ್ರೆಜಿಲಿನವರಿಗೆ ಮಾರೋನಿಗೆ ಇದು ಗೊತ್ತಿಲ್ವಾ?

ವಾಪಸ್ ಬರುವಾಗ ರೊಸಾರಿಯೊ ಊರಿನ ಕಡೆ ಬಿಆರ್-158 ಹೆದ್ದಾರಿಯಲ್ಲಿ ಕಸ್ಟಮ್ಸ್‌ನವರು ನಿಲ್ಲಿಸಿದ್ರು. 280 ಡಾಲರ್ ಜಾಸ್ತಿ, ಅದರ ಅರ್ಧ 140 ಸುಂಕ. ಮೊದಲೇ ಘೋಷಣೆ ಮಾಡಿಲ್ಲ ಅಂತ ಇನ್ನೊಂದು 140 ದಂಡ. ಅವರನ್ನ ಬೈಯೋ ಹಾಗಿಲ್ಲ, ನಿಯಮ ಇರೋದೇ ಹಾಗೆ. ಆನ್‌ಲೈನಲ್ಲಿ ಘೋಷಣೆ ತುಂಬಿ ಲಿವ್ರಮೆಂಟೊದಲ್ಲೇ ಕಟ್ಟಿದ್ರೆ ದಂಡದ 140 ಉಳೀತಿತ್ತು.

ಮನೆಗೆ ಬಂದು ಪ್ಲಗ್ ಹಾಕಿದ್ರೆ ಕಾಫಿ ಅಲ್ಲ, ಉಗುರುಬೆಚ್ಚಗಿನ ಕಲಗಚ್ಚು. ಡಬ್ಬದ ತಳದಲ್ಲಿ ಬೆರಳಗಲದ ಸ್ಟಿಕ್ಕರ್: 220 ವೋಲ್ಟ್, 50 ಹರ್ಟ್ಜ್. ಪೋರ್ತು ಅಲೆಗ್ರಿಯ ಮನೆಯಲ್ಲಿ 127, 60 ಹರ್ಟ್ಜ್. ಹೀಟರ್ ಕಾಯಿಲ್‌ಗೆ ವೋಲ್ಟೇಜ್ ಇಷ್ಟು ಇಳಿದ್ರೆ ಶಕ್ತಿ ಮೂರನೇ ಒಂದು ಭಾಗಕ್ಕೆ ಬರುತ್ತೆ, 1450 ವಾಟ್ ಹೋಗಿ 480. ಅಂಗಡಿಯಲ್ಲಿ ಡೆಮೊ ಚೆನ್ನಾಗೇ ಬಂತು, ಯಾಕಂದ್ರೆ ಅಲ್ಲಿ 220!

ವಾಟ್ಸಾಪಲ್ಲಿ ಕೇಳಿದ್ರೆ ಉತ್ತರ ನೋಡಿ. "ಬಿವೋಲ್ಟ್ ಅಂತ ನಾನು ಹೇಳಿದ್ನಾ?" (ಬಿವೋಲ್ಟ್ ಅಂದ್ರೆ 127, 220 ಎರಡಕ್ಕೂ ಆಗೋದು.) ವಾಪಸ್ ತಗೋತೀರಾ? "ಡಬ್ಬ ಒಡೆದಿದೆ." ವಾರಂಟಿ? "ಅಂಗಡಿಗೆ ತಂದ್ರೆ ನೋಡೋಣ." ಐನೂರು ಕಿಲೋಮೀಟರ್ ಸ್ವಾಮಿ! ಬ್ರೆಜಿಲಿನ ಗ್ರಾಹಕ ರಕ್ಷಣಾ ಕಚೇರಿ ಪ್ರೊಕಾನ್‌ಗೆ ದೂರು ಕೊಡೋಣ ಅಂದ್ರೆ, ಅಂಗಡಿ ಇರೋದು ಉರುಗ್ವೆಯಲ್ಲಿ, ಅವರ ಕೈ ಅಲ್ಲಿಗೆ ಹೋಗಲ್ಲ.

2000 ವಿಎ ಟ್ರಾನ್ಸ್‌ಫಾರ್ಮರ್ ಇಟ್ರೆ ನೀರು ಕಾಯುತ್ತೆ. ಆದ್ರೆ ಅದು ಹರ್ಟ್ಜ್ ಬದಲಿಸಲ್ಲ, ಪಂಪು ಗುರ್ರ್ ಅಂತಾನೇ ಇರುತ್ತೆ.

ಬಿವೋಲ್ಟ್ ಅಂತ ಬಾಯಲ್ಲಿ ಹೇಳಿದ್ರೆ ನಂಬಬೇಡಿ, ಸ್ಟಿಕ್ಕರ್ ಓದಿ. ಒಂದು ವಸ್ತು 500 ದಾಟಿದ್ರೆ ಸುಂಕದ ದುಡ್ಡು ಪಕ್ಕಕ್ಕಿಟ್ಕೊಂಡೇ ಬೆಲೆ ಲೆಕ್ಕ ಹಾಕಿ. ರಿಯಾಲ್ ಬದಲಿಸೋದನ್ನ ಹಣ ಬದಲಿಸೋ ಅಂಗಡಿಯಲ್ಲೇ ಮುಗಿಸಿ, ಆಮೇಲೆ ಕೌಂಟರಿಗೆ ಹೋಗಿ. "ತ್ರಾಂಕೀಲೊ" ಅಂತ ಕಿವಿಗೆ ಬಿದ್ರೆ ಅಲ್ಲಿಂದ ಎದ್ದು ಹೊರಡಿ.