512 ಅಂತ ಬರೆದಿತ್ತು, ಇದ್ದದ್ದು 32

ಕ್ಯಾಮೆರಾಕ್ಕೆ ಹೊಸ ಮೆಮೊರಿ ಕಾರ್ಡ್ ಕೊಳ್ಳುವವರು ಇದನ್ನು ಓದಿ. ಸ್ವಲ್ಪ ಉದ್ದ ಇದೆ. ನನ್ನ ಹೊಟ್ಟೆಯುರಿ ಇನ್ನೂ ಉದ್ದ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಿಕೆ ಕೃಷಿಕ. ಹಕ್ಕಿ ಫೋಟೋದ ಹುಚ್ಚು ಹಿಡಿದು ಏಳೆಂಟು ವರ್ಷ ಆಯಿತು. ಬೆಳಿಗ್ಗೆ ಆರಕ್ಕೇ ಹೋಗಿ ಕಿದೂರಿನಲ್ಲಿ ಕೂರುವುದು, ಮಳೆ ಬಿಟ್ಟ ಮೇಲೆ ರಾಣಿಪುರ, ಪುರುಸೊತ್ತು ಸಿಕ್ಕಿದರೆ ಕಡಲ ಬದಿಯಲ್ಲಿ ಬಿಳಿಹೊಟ್ಟೆಯ ಕಡಲ ಹದ್ದನ್ನು ಕಾಯುವುದು. ನಮ್ಮ ಜಿಲ್ಲೆಯ ಹಕ್ಕಿ ಅಂತ ಪಟ್ಟ ಸಿಕ್ಕಿದ ಮೇಲೆ ಅದರ ಗತ್ತು ಜಾಸ್ತಿ ಆಗಿದೆ ಅಂತ ನನಗೆ ಅನಿಸುತ್ತದೆ.

ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಭಾವನೂ ನಾನೂ ಕೀನ್ಯಾದ ಮಸಾಯಿ ಮಾರಕ್ಕೆ ಹೊರಟೆವು. ಆಗಸ್ಟ್ ತಿಂಗಳು. ತಾಂಜಾನಿಯಾದ ಸೆರೆಂಗೆಟಿಯಿಂದ ಲಕ್ಷಗಟ್ಟಲೆ ವಿಲ್ಡ್‌ಬೀಸ್ಟ್ ಅನ್ನುವ ಕೊಂಬಿನ ಪ್ರಾಣಿಗಳು ಹುಲ್ಲು ಹುಡುಕುತ್ತಾ ಬಂದು ಮಾರ ನದಿ ದಾಟುವ ಕಾಲ ಅದು. ಖರ್ಚಿನ ಲೆಕ್ಕ ಪೂರ್ತಿ ಹೇಳುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ. ಆ ಸೀಸನ್‌ನಲ್ಲಿ ಒಳಗೆ ಹೋಗಲಿಕ್ಕೇ ವಿದೇಶದವರಿಗೆ ದಿನಕ್ಕೆ ತಲೆಗೆ 200 ಡಾಲರ್ ಅಂದರೆ ಉಳಿದದ್ದನ್ನು ನೀವೇ ಊಹಿಸಿ.

ಇಷ್ಟೆಲ್ಲ ಖರ್ಚು ಮಾಡುವವನು ಕಾರ್ಡಿಗೆ ಜುಗ್ಗತನ ಮಾಡಿದೆ. ಹೆಸರಾಂತ ಕಂಪನಿಯ 512 ಜಿಬಿ ಕಾರ್ಡ್, ಆನ್‌ಲೈನ್‌ನಲ್ಲಿ ಅಸಲಿ ಬೆಲೆಯ ಕಾಲು ಭಾಗಕ್ಕೆ ಸಿಕ್ಕಿತು. ಡಬ್ಬಿ, ಅಕ್ಷರ, ಬಣ್ಣ ಎಲ್ಲ ಸರಿಯಾಗಿಯೇ ಇತ್ತು. ಕೆಳಗೆ ನಾಲ್ಕೂವರೆ ನಕ್ಷತ್ರ. ಆ ನಕ್ಷತ್ರ ಕೊಟ್ಟವರೆಲ್ಲ ಬರೆದದ್ದು "ಬೇಗ ತಲುಪಿತು, ಒಳ್ಳೆ ಪ್ಯಾಕಿಂಗ್" ಅಂತ. ಕಾರ್ಡ್ ತುಂಬಿಸಿ ನೋಡಿ ಬರೆದವರು ಒಬ್ಬರೂ ಇರಲಿಲ್ಲ. ಅದು ನನಗೆ ಹೊಳೆದದ್ದು ತುಂಬಾ ತಡವಾಗಿ.

ಪರೀಕ್ಷೆ ಮಾಡದೆ ಹೋದೆ ಅಂತಲೂ ಅಲ್ಲ. ಎರಡು ತಿಂಗಳು ಕಿದೂರಿನಲ್ಲಿ ಅದೇ ಕಾರ್ಡ್ ಹಾಕಿ ತೆಗೆದೆ. ಒಂದು ಬೆಳಿಗ್ಗೆಗೆ ಮುನ್ನೂರು, ನಾನೂರು ಫೋಟೋ. ಒಂದು ರಾ ಫೈಲ್ (ಕ್ಯಾಮೆರಾ ಹಿಡಿದ ಹಾಗೇ ಇಡುವ ಮೂಲ ಫೋಟೋ) 25 ಎಂಬಿ ಅಂತ ಇಟ್ಟುಕೊಂಡರೂ 10 ಜಿಬಿ ದಾಟುವುದಿಲ್ಲ. ಮನೆಗೆ ಬಂದು ಕಂಪ್ಯೂಟರಿಗೆ ಹಾಕುವುದು, ಫಾರ್ಮ್ಯಾಟ್ ಮಾಡುವುದು, ಮತ್ತೆ ಹೋಗುವುದು. ಒಂದೇ ಒಂದು ಫೋಟೋ ಹಾಳಾಗಲಿಲ್ಲ. ನನ್ನ ಪರೀಕ್ಷೆಯೇ ಸರಿ ಇರಲಿಲ್ಲ, ಅಷ್ಟೇ.

ಮೊದಲ ದಿನ ಆನೆ, ಜಿರಾಫೆ, ಪೊದೆಯ ನೆರಳಿನಲ್ಲಿ ಆಕಳಿಸುತ್ತಿದ್ದ ಸಿಂಹಗಳು. ಹೊಸಬರ ಹುರುಪಿನಲ್ಲಿ ಕಂಡದ್ದನ್ನೆಲ್ಲ ತೆಗೆದು ಸಾವಿರ ದಾಟಿಸಿದೆ. ಎರಡನೇ ದಿನ ನದಿ ಬದಿಯಲ್ಲಿ ಮೂರು ಗಂಟೆ ಕಾದೆವು. ಆ ಕಡೆಯ ದಡದಲ್ಲಿ ಹಿಂಡು ಸೇರುತ್ತದೆ, ನೀರಿನ ಹತ್ತಿರ ಬರುತ್ತದೆ, ಏನೋ ಕಂಡು ಬೆದರಿ ಹಿಂದೆ ಓಡುತ್ತದೆ. ನಮ್ಮ ಡ್ರೈವರ್ ಮಾತ್ರ ಸೀಟು ಹಿಂದಕ್ಕೆ ಒರಗಿಸಿ ಹಾಯಾಗಿ ಮಲಗಿದ್ದ. ಕೊನೆಗೆ ಒಂದು ಹಾರಿತು. ಹಿಂದೆಯೇ ಎಲ್ಲವೂ. ಧೂಳು, ಕೂಗು, ಕಾಲ ಕೆಳಗೆ ಬಿದ್ದು ಒದ್ದಾಡುವ ಮರಿಗಳು. ನೀರಿನಲ್ಲಿ ಮರದ ದಿಮ್ಮಿಯ ಹಾಗೆ ತೇಲುತ್ತಾ ಬಂದ ಒಂದು ಮೊಸಳೆ. ಇಪ್ಪತ್ತು ನಿಮಿಷ ನನಗೆ ಬೇರೆ ಯಾವ ಪ್ರಜ್ಞೆಯೂ ಇರಲಿಲ್ಲ. ಸೆಕೆಂಡಿಗೆ ಹತ್ತರ ಹಾಗೆ ಶಟರ್ ಬಡಿಯುತ್ತಲೇ ಇತ್ತು.

ಆ ಹೊತ್ತಿನಲ್ಲೇ ಕಾರ್ಡ್ ಎರಡು ಸಲ ನನಗೆ ಎಚ್ಚರಿಕೆ ಕೊಟ್ಟಿತ್ತು. ಒಂದು, ತೆಗೆದು ನಿಲ್ಲಿಸಿದ ಮೇಲೆ ಕೆಂಪು ಲೈಟು ತುಂಬಾ ಹೊತ್ತು ಮಿನುಗುತ್ತಿತ್ತು. ಅಂದರೆ ಕಾರ್ಡ್ ಬರೆದುಕೊಳ್ಳಲು ಒದ್ದಾಡುತ್ತಿದೆ. ಇದರ ಮೇಲೆ ವಿ30 ಅಂತ ಅಚ್ಚಾಗಿತ್ತು. ಹಾಗೆಂದರೆ ಸೆಕೆಂಡಿಗೆ ಕಡಿಮೆಯೆಂದರೂ 30 ಎಂಬಿ ಬರೆಯಬೇಕು. ಎರಡು, ಆ ರಾತ್ರಿ ಕ್ಯಾಂಪಿನಲ್ಲಿ ಫೋಟೋ ಹಿಂದೆ ಮುಂದೆ ಮಾಡುವಾಗ ಒಂದು ಕಡೆ "ಚಿತ್ರ ತೋರಿಸಲಾಗುತ್ತಿಲ್ಲ" ಅನ್ನುವ ಅರ್ಥದ ಸಂದೇಶ ಬಂತು. ಬ್ಯಾಟರಿ ಕಡಿಮೆ ಇರಬೇಕು ಅಂದುಕೊಂಡು ಚಾರ್ಜಿಗೆ ಹಾಕಿ ಮಲಗಿದೆ. ದೇವರಾಣೆ, ಅದರ ಆಚೆ ಈಚೆ ನೋಡಲಿಲ್ಲ. ತೆಗೆದ ಕೂಡಲೇ ಪರದೆಯ ಮೇಲೆ ಚೆಂದ ಕಾಣುತ್ತಿತ್ತಲ್ಲ! ಅದು ಕಾರ್ಡಿನಿಂದ ಬರುವ ಚಿತ್ರ ಅಲ್ಲ, ಕ್ಯಾಮೆರಾದ ಬಫರಿನಲ್ಲಿ, ಅಂದರೆ ಅದರದ್ದೇ ತಾತ್ಕಾಲಿಕ ಮೆಮೊರಿಯಲ್ಲಿ, ಇರುವುದು ಅಂತ ಆಗ ಯಾರಿಗೆ ಗೊತ್ತು?

ಇನ್ನೊಂದು ಪೆದ್ದುತನ. ನನ್ನ ಕ್ಯಾಮೆರಾಕ್ಕೆ ಎರಡು ಕಾರ್ಡ್ ಹಾಕಬಹುದು. ಎರಡನೇ ಸ್ಲಾಟ್‌ನಲ್ಲಿ ಹಳೆಯ, ಅಸಲಿ 64 ಜಿಬಿ ಇತ್ತು. ಮೊದಲನೆಯದು ತುಂಬಿದ ಮೇಲೆ ಅದಕ್ಕೆ ಹೋಗಲಿ ಅಂತ ಸೆಟ್ ಮಾಡಿದ್ದೆ. ಈ ಕಳ್ಳ ಕಾರ್ಡ್ ತುಂಬಿದೆ ಅಂತ ಒಪ್ಪಿಕೊಂಡರೆ ತಾನೆ? ಎರಡಕ್ಕೂ ಒಟ್ಟಿಗೆ ಬರೆಯುವ ಹಾಗೆ ಇಟ್ಟಿದ್ದರೆ ನದಿಯ ಫೋಟೋ ಇವತ್ತು ನನ್ನ ಹತ್ತಿರ ಇರುತ್ತಿತ್ತು. ಲ್ಯಾಪ್‌ಟಾಪ್ ಭಾರ ಅಂತ ಮನೆಯಲ್ಲೇ ಬಿಟ್ಟು ಹೋಗಿದ್ದೆ. 512 ಇರುವಾಗ ಅದು ಯಾಕೆ ಅಂತ!

ಊರಿಗೆ ಬಂದು ಕಂಪ್ಯೂಟರಿಗೆ ಹಾಕಿದೆ. ಫೈಲ್ ಹೆಸರು 4,100 ಇತ್ತು. ತೆರೆದದ್ದು 1,170. ಉಳಿದದ್ದಕ್ಕೆ ಹೆಸರು ಇದೆ, ತಾರೀಕು ಇದೆ, ಗಾತ್ರ ಕೂಡ ಇದೆ. ಚಿತ್ರ ಇಲ್ಲ.

ಮೊದಲು ಹೋದ ಅಂಗಡಿಯವರು "ಎಲ್ಲ ವಾಪಸ್ ತೆಗೆದುಕೊಡ್ತೇವೆ" ಅಂತ 6,000 ಕೇಳಿದರು. ಅರ್ಧ ಮುಂಗಡ ಕೊಟ್ಟೆ. ಅದು ಹೋಯಿತು. ಆಮೇಲೆ ಮಂಗಳೂರಿನಲ್ಲಿ ಒಬ್ಬರು ಹುಡುಗ ಒಂದು ಪೈಸೆ ಕೇಳದೆ ರಾತ್ರಿಯಿಡೀ ಕಾರ್ಡ್ ಓಡಿಸಿ ನೋಡಿ ಹೇಳಿದರು: "ಇದ್ರಲ್ಲಿ ಹುಡುಕ್ಲಿಕ್ಕೆ ಎಂತದ್ದೂ ಇಲ್ಲ ಮಾರಾಯ್ರೆ. ಅಳಿಸಿದ್ದಾದ್ರೆ ತೆಗೀಬಹುದು. ಇದು ಬರೆದೇ ಇಲ್ಲ."

ಅವರು ವಿವರಿಸಿದ್ದು ಹೀಗೆ. ಕಾರ್ಡಿನೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಜಾಗ ಎಷ್ಟಿದೆ ಅಂತ ಕ್ಯಾಮೆರಾ ಕೇಳಿದರೆ ಉತ್ತರ ಹೇಳುವುದು ಅದು. ನಕಲಿ ಮಾಡುವವರು 32 ಜಿಬಿಯ ಕಾರ್ಡಿಗೆ 512 ಅಂತ ಸುಳ್ಳು ಹೇಳಲು ಕಲಿಸುತ್ತಾರೆ. ಎರಡು ಗೋಣಿ ಹಿಡಿಯುವ ಕೋಣೆಯಲ್ಲಿ ಮೂವತ್ತೆರಡು ಗೋಣಿ ಅಡಿಕೆ ಇಟ್ಟಿದ್ದೇವೆ ಅಂತ ಚೀಟಿ ಬರೆದು ಕೊಟ್ಟ ಹಾಗೆ. ಚೀಟಿ ನಿಮ್ಮ ಕೈಯಲ್ಲಿ, ಅಡಿಕೆ ಅಂಗಳದ ಮಳೆಯಲ್ಲಿ. ಕಂಪ್ಯೂಟರಿನಲ್ಲಿ ಪ್ರಾಪರ್ಟೀಸ್ ನೋಡಿದರೂ 512 ಅಂತಲೇ ತೋರಿಸುತ್ತದೆ. ಫಾರ್ಮ್ಯಾಟ್ ಮಾಡಿದರೂ ಸಿಕ್ಕಿಬೀಳುವುದಿಲ್ಲ.

ಸಿಕ್ಕಿಬೀಳಿಸಲು ತುಂಬಿಸಿಯೇ ನೋಡಬೇಕು. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ ಅಂತ ಒಂದು ಸಣ್ಣ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ಲಿನಕ್ಸ್, ಮ್ಯಾಕ್ ಇದ್ದವರಿಗೆ ಎಫ್3. ಅದು ಕಾರ್ಡಿನ ತುದಿಯವರೆಗೂ ಬರೆದು, ಪುನಃ ಓದಿ, ಬರೆದದ್ದೇ ಬಂತೋ ಅಂತ ತಾಳೆ ನೋಡುತ್ತದೆ. ದೊಡ್ಡ ಕಾರ್ಡಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ. ಕಾರ್ಡ್ ಖಾಲಿ ಇರಬೇಕು. ಮುಖ್ಯವಾಗಿ, ಇದನ್ನು ಹಿಂತಿರುಗಿಸುವ ಅವಧಿಯ ಒಳಗೇ ಮಾಡಿ. ನನಗೆ ಇದ್ದದ್ದು ಏಳು ದಿನ, ನಾನು ದೂರು ಕೊಟ್ಟದ್ದು ಮೂರನೇ ತಿಂಗಳು. ಮಾರಿದವನ ಪುಟವೇ ಆಗ ಮಾಯ.

ಈಗ ನಾನು ಬಿಲ್ ಕೊಡುವ ಅಂಗಡಿಯಿಂದ 128 ಜಿಬಿಯ ನಾಲ್ಕು ಕಾರ್ಡ್ ತಂದಿದ್ದೇನೆ. ದಿನಕ್ಕೊಂದು ಹಾಕುವುದು, ಎರಡೂ ಸ್ಲಾಟ್‌ಗೆ ಬರೆಯುವುದು, ರಾತ್ರಿ ಕೊನೆಯ ಫೋಟೋ ಅಲ್ಲ, ನಡುವಿನ ಫೋಟೋಗಳನ್ನು ದೊಡ್ಡದು ಮಾಡಿ ನೋಡುವುದು. ಭಾವ ಇದಕ್ಕೆ ಸಂಧ್ಯಾವಂದನೆ ಅಂತ ಹೆಸರಿಟ್ಟಿದ್ದಾನೆ.

ನದಿ ದಾಟಿದ್ದರ ಒಂದೇ ಒಂದು ಚಿತ್ರ ನಮ್ಮಲ್ಲಿ ಉಳಿದಿದೆ. ಭಾವ ಮೊಬೈಲಿನಲ್ಲಿ ತೆಗೆದದ್ದು. ಮುಕ್ಕಾಲು ಭಾಗ ನಾನೇ, ಜೀಪಿನ ಮಾಡಿನಿಂದ ಹೊರಗೆ ಬಾಗಿ, ಟೊಪ್ಪಿ ಓರೆಯಾಗಿ. ನನ್ನ ಮೊಣಕೈ ಮತ್ತು ಲೆನ್ಸಿನ ನಡುವೆ ಸ್ವಲ್ಪ ಧೂಳು, ಧೂಳಿನಲ್ಲಿ ನಾಲ್ಕೈದು ಕೊಂಬು. ಮನೆಯ ಗುಂಪಿಗೆ ಅದನ್ನು ಹಾಕಿ ಕೆಳಗೆ ಬರೆದಿದ್ದ: "ಭಾವಾ, ನಿಂಗಳ ಬೆನ್ನು ಲಾಯ್ಕ ಬಯಿಂದು." ಅಂದರೆ, ನಿಮ್ಮ ಬೆನ್ನು ಚೆನ್ನಾಗಿ ಬಂದಿದೆ ಅಂತ.